ಎರಡು ನಿಮಿಷದ ನಿಲುಗಡೆಯಲ್ಲಿ ಕನ್ನಡಕ್ಕೆಷ್ಟು ಜಾಗ?

(ಗೇರುಸೊಪ್ಪದಲ್ಲಿ ರಾಜ್ಯೋತ್ಸವದ ಸಂಜೆ ಸೇರಿದ್ದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ.)



ನಾನು ಭಾಷಣ ಮಾಡಿ ಹೆಸರು ಗಳಿಸಿದವನಲ್ಲ. ಪಿಯುಸಿ ಮುಗಿಸಿ ಅಚ್ಚುಕೂಟಕ್ಕೆ ಸೇರಿದವನು. ಆಗಿನ್ನೂ ಮೊಳೆ ಜೋಡಿಸಿ ಟ್ರೆಡಲ್ ತುಳಿಯುತ್ತಿದ್ದೆವು. ಈಗ ಕಂಪ್ಯೂಟರು, ಆಫ್‌ಸೆಟ್ಟು ಬಂದಿವೆ. ಆದರೆ ಕೆಲಸ ಮಾತ್ರ ಅದೇ: ಅಕ್ಷರವನ್ನು ತಪ್ಪಿಲ್ಲದೆ, ಸರಿಯಾದ ಜಾಗದಲ್ಲಿ, ಓದುವವನ ಕಣ್ಣಿಗೆ ಬೀಳುವಂತೆ ಕೂರಿಸುವುದು. ಈ ಸಂಜೆ ನಾನು ಹೇಳಬೇಕೆಂದಿರುವುದೂ ಇಷ್ಟೇ. ನಮ್ಮ ರೈಲು ನಿಲ್ದಾಣಗಳಲ್ಲಿ ಕನ್ನಡದ ಅಕ್ಷರ, ಕನ್ನಡದ ದನಿ ಸರಿಯಾದ ಜಾಗದಲ್ಲಿ ಕೂರಬೇಕು.

ಗೇರುಸೊಪ್ಪಕ್ಕೂ ರೈಲಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಇಲ್ಲಿ ಹಳಿಯಿಲ್ಲ, ನಿಜ. ಹೊನ್ನಾವರ–ತಾಳಗುಪ್ಪ ಮಾರ್ಗದ ಮಾತನ್ನು ದಶಕಗಳಿಂದ ಕೇಳುತ್ತಿದ್ದೇವೆ. ಘಟ್ಟದ ಮೇಲೆ ತಾಳಗುಪ್ಪದ ಹಳಿ ೨೦೧೧ರಲ್ಲಿ ಬ್ರಾಡ್‌ಗೇಜ್ ಆಯಿತು, ಆದರೆ ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ಆದರೂ ನನ್ನ ಪ್ರೆಸ್ಸಿಗೆ ಬಂದು ಮದುವೆ ಕಾಗದಗಳನ್ನು ನೋಡಿ. ಮೊದಲೆಲ್ಲ ಕೊನೆಯ ಸಾಲಿನಲ್ಲಿ ಬಸ್ಸಿನ ಮಾರ್ಗ ಮಾತ್ರ ಬರೆಸುತ್ತಿದ್ದರು. ಈಗ "ರೈಲಿನಲ್ಲಿ ಬರುವವರು ಹೊನ್ನಾವರದಲ್ಲಿ ಇಳಿದು ಗೇರುಸೊಪ್ಪ ಬಸ್ಸು ಹಿಡಿಯಬೇಕು" ಎಂಬ ಸಾಲಿಲ್ಲದ ಕಾಗದವೇ ಅಪರೂಪ. ಮನೆಗೊಬ್ಬರು ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಮಂಗಳೂರಿನಲ್ಲೋ ಇದ್ದಾರೆ. ಚೌತಿಗೆ ಬರುವವರು, ದೀಪಾವಳಿ ಮುಗಿಸಿ ಹೋಗುವವರು, ಎಲ್ಲರಿಗೂ ರೈಲು ಬೇಕು.

ದಿನದಿನದ ಓಡಾಟವನ್ನೂ ನೋಡಿ. ಬೆಳಗಿನ ಮೊದಲ ಬಸ್ಸು ಹತ್ತಿ, ಹೊಳೆಯ ದಂಡೆಯ ದಾರಿಯಲ್ಲಿ ಮೂವತ್ತು ಕಿಲೋಮೀಟರಿನಷ್ಟು ಸಾಗಿ, ಹೊನ್ನಾವರದ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ರಿಕ್ಷಾ ಹಿಡಿದು ರೈಲು ನಿಲ್ದಾಣ ಸೇರುವ ಹುಡುಗ ಹುಡುಗಿಯರಿದ್ದಾರೆ. ಒಬ್ಬರಿಗೆ ಕಾಲೇಜು, ಒಬ್ಬರಿಗೆ ಅಂಗಡಿ ಕೆಲಸ, ಒಬ್ಬರಿಗೆ ಕಚೇರಿ. ಇನ್ನು ಕೆಲವರ ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಆಸ್ಪತ್ರೆಯ ಫೈಲು. ನಮ್ಮ ಜಿಲ್ಲೆಗೆ ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು ೨೦೨೨ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಕೂಗಿದ್ದು ನಿಮಗೆ ನೆನಪಿರಬಹುದು. ದೊಡ್ಡ ಕಾಯಿಲೆ ಬಂದರೆ ನಮಗೆ ಮಣಿಪಾಲ ಅಥವಾ ಮಂಗಳೂರು. ಬಡವನಿಗೆ ಅಲ್ಲಿಗೆ ಹೋಗುವ ಸೋವಿ ದಾರಿ ಮಡಗಾಂವ್–ಮಂಗಳೂರು ಲೋಕಲ್ ಗಾಡಿ. ಹೀಗಾಗಿ ನಮಗೆ ರೈಲು ನಿಲ್ದಾಣವೆಂದರೆ ಆಸ್ಪತ್ರೆಯ ಬಾಗಿಲೂ ಹೌದು.

ಒಂದು ನಿಲ್ದಾಣದಲ್ಲಿ ನಾನೇ ಕಂಡದ್ದನ್ನು ಹೇಳುತ್ತೇನೆ. ಯಾವ ನಿಲ್ದಾಣ ಎಂಬುದು ಬೇಡ. ಇಂಥದು ಎಲ್ಲಿಯೂ ನಡೆಯಬಹುದು. ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಬೆಂಚಿನ ಮೇಲೆ ಕುಳಿತಿದ್ದಳು. ಗಾಡಿ ಬರುವ ಪ್ಲಾಟ್‌ಫಾರಂ ಬದಲಾಯಿತು. ಮೈಕಿನಲ್ಲಿ ಹೇಳಿದರು, ಹಿಂದಿಯಲ್ಲಿ. ತಿಳಿದವರು ಎದ್ದು ಮೇಲ್ಸೇತುವೆ ಹತ್ತಿದರು. ಅಜ್ಜಿ ನನ್ನ ಕಡೆ ತಿರುಗಿ "ಏನಂತೆ ತಮಾ? ಎಲ್ಲ ಎಲ್ಲಿಗೆ ಹೋಗ್ತಾ ಇದ್ರು?" ಎಂದು ಕೇಳಿದಳು. ನಾನು ಹೇಳಿದೆ, ಚೀಲ ಎತ್ತಿಕೊಂಡೆ. ಆದರೆ ಅವಳ ಮಂಡಿ ಮೆಟ್ಟಿಲು ಹತ್ತುವ ಹೊತ್ತಿಗೆ ಗಾಡಿ ಬಂದು ನಿಂತು ಹೊರಟೂ ಆಗಿತ್ತು. ಎರಡು ನಿಮಿಷದ ನಿಲುಗಡೆ. ಅಜ್ಜಿಗೆ ತಪ್ಪಿದ್ದು ಗಾಡಿಯೊಂದೇ ಅಲ್ಲ, ಡಾಕ್ಟರು ಕೊಟ್ಟ ದಿನವೂ ತಪ್ಪಿತು.

ಬಂಧುಗಳೇ, ಕನ್ನಡ ಕನ್ನಡ ಎಂದು ಇವರು ಯಾಕೆ ಕೂಗುತ್ತಾರೆ, ಹೊಟ್ಟೆಗೆ ಹಿಟ್ಟು ಸಿಗುತ್ತದೆಯೇ ಎಂದು ನಮ್ಮನ್ನು ಗೇಲಿ ಮಾಡುವವರಿದ್ದಾರೆ. ಅವರಿಗೆ ಆ ಅಜ್ಜಿಯನ್ನು ತೋರಿಸಬೇಕು. ಅವಳಿಗೆ ಬೇಕಾಗಿದ್ದುದು ಭಾಷಾಭಿಮಾನವಲ್ಲ, ಒಂದೇ ಒಂದು ಕನ್ನಡ ವಾಕ್ಯ. ಅದು ಸಮಯಕ್ಕೆ ಸರಿಯಾಗಿ ಕಿವಿಗೆ ಬಿದ್ದಿದ್ದರೆ ಗಾಡಿ ಸಿಗುತ್ತಿತ್ತು.

ಈ ರೈಲು ಯಾರ ಹಣದ್ದು?

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು ೧೯೯೦ರಲ್ಲಿ. ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ಮಂತ್ರಿ. ಇ. ಶ್ರೀಧರನ್ ನಿಗಮದ ಮುಖ್ಯಸ್ಥರು. ಮೂಲ ಬಂಡವಾಳದಲ್ಲಿ ಕೇಂದ್ರದ ಪಾಲು ಶೇಕಡಾ ೫೧, ಮಹಾರಾಷ್ಟ್ರದ್ದು ೨೨, ಕರ್ನಾಟಕದ್ದು ೧೫, ಗೋವಾ ಮತ್ತು ಕೇರಳದ್ದು ತಲಾ ೬. ಕೇಳಿದಿರಲ್ಲ, ಶೇಕಡಾ ೧೫ ನಮ್ಮದು! ಕನ್ನಡಿಗನ ತೆರಿಗೆ ಹಣ. ಅದರ ಮೇಲೆ ಕರಾವಳಿಯ ಜನ ಗದ್ದೆ ಕೊಟ್ಟರು, ತೋಟ ಕೊಟ್ಟರು. ೧೯೯೮ರ ಜನವರಿ ೨೬ರಂದು ಇಡೀ ಮಾರ್ಗ ತೆರೆಯಿತು. ಆ ಮಾರ್ಗದ ಅತಿ ಉದ್ದದ ಸೇತುವೆ ಎಲ್ಲಿದೆ? ಹೊನ್ನಾವರದಲ್ಲಿ, ನಮ್ಮ ಶರಾವತಿಯ ಮೇಲೆ. ಎರಡು ಕಿಲೋಮೀಟರಿಗೂ ಉದ್ದ. ೨೦೨೨ರಲ್ಲಿ ಇಡೀ ಮಾರ್ಗ ವಿದ್ಯುತ್ತಿಗೆ ಬದಲಾಯಿತು. ಆ ವಿದ್ಯುತ್ತಿಗಾಗಿ ನಾಡಿನಲ್ಲಿ ಮೊದಲು ಮುಳುಗಡೆಯಾದ ಕಣಿವೆಗಳಲ್ಲಿ ನಮ್ಮ ಶರಾವತಿಯದೂ ಒಂದು. ನೀರು ನಮ್ಮದು, ನೆಲ ನಮ್ಮದು, ಹಣದಲ್ಲಿ ಪಾಲು ನಮ್ಮದು. ಇಷ್ಟಾದ ಮೇಲೆ ನುಡಿಗೆ ಜಾಗ ಕೇಳಿದರೆ ಅದು ಭಿಕ್ಷೆಯೇ?

ಈಗ ದೇಶದಲ್ಲೆಲ್ಲ ನಿಲ್ದಾಣಗಳನ್ನು ಹೊಸದು ಮಾಡುವ ಕಾಲ. ೨೦೨೩ರಲ್ಲಿ ಕೇಂದ್ರ ಸರಕಾರ ಅಮೃತ ಭಾರತ ನಿಲ್ದಾಣ ಯೋಜನೆ ತಂದಿತು. ೨೦೨೫ರ ಮೇ ೨೨ರಂದು ಹೊಸ ರೂಪದಲ್ಲಿ ಉದ್ಘಾಟನೆಯಾದ ೧೦೩ ನಿಲ್ದಾಣಗಳಲ್ಲಿ ನಮ್ಮ ರಾಜ್ಯದ್ದು ಐದು: ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ ರೋಡ್, ಮುನಿರಾಬಾದ್. ಘಟ್ಟದ ಮೇಲೆ ಸಾಗರ, ತಾಳಗುಪ್ಪ ಕೂಡ ೨೦೨೩ರ ಪಟ್ಟಿಗೆ ಸೇರಿದ್ದವು. ಘಟ್ಟದ ಕೆಳಗಿನ ಹೊನ್ನಾವರ, ಕುಮಟಾ, ಭಟ್ಕಳ ಆ ಪಟ್ಟಿಯಲ್ಲಿರಲಿಲ್ಲ. ಕೊಂಕಣ ರೈಲ್ವೆ ಬೇರೆಯೇ ನಿಗಮ. ಅದರ ನಿಲ್ದಾಣಗಳು ರೈಲ್ವೆ ಇಲಾಖೆಯ ಬಜೆಟ್ಟಿನಲ್ಲಿ ಬರುವುದಿಲ್ಲ. ಆದರೆ ಮಹಾರಾಷ್ಟ್ರದವರು ಕೈಕಟ್ಟಿ ಕುಳಿತರೇ? ತಮ್ಮ ಲೋಕೋಪಯೋಗಿ ಇಲಾಖೆಯ ಹಣದಲ್ಲೇ ರತ್ನಾಗಿರಿ, ಕಣಕವಲಿ, ಸಾವಂತವಾಡಿ ನಿಲ್ದಾಣಗಳ ಹೊರ ಆವರಣಕ್ಕೆ ಹೊಸ ರೂಪ ಕೊಟ್ಟರು.

ಇನ್ನೂ ಒಂದು ಸಂಗತಿ ಇದೆ. ಈ ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಬೇಕೆಂಬ ಬೇಡಿಕೆಗೆ ೨೦೨೫ರ ಮೇ ತಿಂಗಳಲ್ಲಿ ಮಹಾರಾಷ್ಟ್ರವೂ ಒಪ್ಪಿಗೆ ಕೊಟ್ಟಿತು. ಸುಮ್ಮನೆ ಕೊಡಲಿಲ್ಲ. ತಾನು ಹಾಕಿದ ಸುಮಾರು ೩೯೬ ಕೋಟಿ ರೂಪಾಯಿ ವಾಪಸು ಬರಬೇಕು, "ಕೊಂಕಣ ರೈಲ್ವೆ" ಎಂಬ ಹೆಸರು ಉಳಿಯಬೇಕು ಎಂದು ಷರತ್ತು ಹಾಕಿತು. ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ, ಅವರಿಂದ ಕಲಿಯಿರಿ ಎಂದು ಹೇಳುತ್ತಿದ್ದೇನೆ. ಅವರು ಹೆಸರಿಗಾಗಿ ಷರತ್ತು ಹಾಕಿದರು. ನಾವು ಭಾಷೆಗಾಗಿ ಹಾಕಬೇಕು. ನಮ್ಮ ಜಿಲ್ಲೆ ೧೯೫೬ರ ತನಕ ಮುಂಬಯಿ ಆಡಳಿತದಲ್ಲಿತ್ತು. ರೈಲಿನ ಮುಖ್ಯ ಕಚೇರಿ ಈಗಲೂ ನವಿ ಮುಂಬಯಿಯ ಬೇಲಾಪುರದಲ್ಲಿದೆ. ದೂರದ ಕಚೇರಿಗೆ ನಮ್ಮ ದನಿ ತಾನಾಗಿಯೇ ಕೇಳಿಸುವುದಿಲ್ಲ. ಕಲ್ಲು, ಗಾಜು, ಬಣ್ಣದ ಟೆಂಡರು ಕರೆಯುವ ದಿನವೇ ಕನ್ನಡದ ಮಾತೂ ಕಾಗದದಲ್ಲಿ ಬರಬೇಕು. ಕಟ್ಟಡ ಮುಗಿದ ಮೇಲೆ ಅಂಟಿಸುವ ಕನ್ನಡ ಅಂಟಿಸಿದ ಹಾಗೇ ಕಾಣುತ್ತದೆ.

ನಾವು ಕೇಳುವುದು ನಾಲ್ಕೇ

ಒಂದು, ದನಿ. ದಿನಾ ಬರುವ ಗಾಡಿಯ ಘೋಷಣೆ ಮೊದಲೇ ಮುದ್ರಿಸಿಟ್ಟದ್ದು. ಅದರಲ್ಲಿ ಕನ್ನಡ ಸೇರಿಸುವುದು ಒಂದು ಸಲದ ಕೆಲಸ. ತೊಂದರೆ ಬರುವುದು ತುರ್ತಿನ ಮಾತಿಗೆ. ಗಾಡಿ ತಡವಾಯಿತು, ಪ್ಲಾಟ್‌ಫಾರಂ ಬದಲಾಯಿತು ಎಂದಾಗ ಮೈಕು ಹಿಡಿದವರು ತಮಗೆ ಬಂದ ಭಾಷೆಯಲ್ಲಿ ಹೇಳಿಬಿಡುತ್ತಾರೆ. ಕನ್ನಡ ಬಹಳ ಬೇಕಾದ ಹೊತ್ತಿಗೇ ಕನ್ನಡ ಇರುವುದಿಲ್ಲ. ಇಂಥ ಹತ್ತಿಪ್ಪತ್ತು ವಾಕ್ಯಗಳನ್ನೂ ಕನ್ನಡದಲ್ಲಿ ಮುದ್ರಿಸಿಡಲಿ.

ಎರಡು, ಫಲಕ. ನಿಲ್ದಾಣದ ಹೆಸರಿನ ಹಲಗೆಯಲ್ಲಿ ಮೊದಲು ರಾಜ್ಯದ ಭಾಷೆ, ಆಮೇಲೆ ಹಿಂದಿ, ಇಂಗ್ಲಿಷು ಎನ್ನುವುದು ರೈಲ್ವೆಯದೇ ನಿಯಮ. ಆದರೆ ಹೆಸರಿನ ಹಲಗೆಯಿಂದ ಹೊಟ್ಟೆ ತುಂಬುವುದಿಲ್ಲ. ಯಾವ ಬೋಗಿ ಎಲ್ಲಿ ನಿಲ್ಲುತ್ತದೆ, ಜನರಲ್ ಬೋಗಿ ಮುಂದೋ ಹಿಂದೋ, ಇದನ್ನು ತೋರಿಸುವ ದೀಪದ ಫಲಕ ಕನ್ನಡದಲ್ಲಿ ಮಾತಾಡಬೇಕು. ಇಲ್ಲಿ ನನ್ನ ಕಸುಬಿನ ಮಾತೊಂದಿದೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆ ಮಾಡಿದ ಫಲಕದಲ್ಲಿ ಕನ್ನಡದ ಒತ್ತಕ್ಷರಕ್ಕೆ ಕೆಳಗೆ ಜಾಗ ಇರುವುದಿಲ್ಲ. ಹೊನ್ನಾವರದ ನ-ಒತ್ತು, ಗೇರುಸೊಪ್ಪದ ಪ-ಒತ್ತು ಅರ್ಧ ಕತ್ತರಿಸಿ ಹೋಗುತ್ತವೆ. ಮೊಳೆಯ ಕಾಲದಲ್ಲಿ ಒತ್ತಿಗೆ ಬೇರೆ ಮೊಳೆಯನ್ನೇ ಇಟ್ಟಿದ್ದೆವು, ಸಾಲಿನ ಕೆಳಗೆ ಜಾಗ ಬಿಡುತ್ತಿದ್ದೆವು. ಕಂಪ್ಯೂಟರಿಗೆ ಇದು ಕಷ್ಟವಲ್ಲ, ಹೇಳುವವರು ಬೇಕು ಅಷ್ಟೇ. ಬ್ರಿಟಿಷರು ನಕಾಶೆಯಲ್ಲಿ ಜೋಗವನ್ನು "ಗೆರ್ಸಪ್ಪ ಫಾಲ್ಸ್" ಎಂದು ಬರೆದು ನಮ್ಮೂರ ಹೆಸರನ್ನು ಒಮ್ಮೆ ಕತ್ತರಿಸಿದ್ದು ಸಾಕು.

ಮೂರು, ಟಿಕೆಟು ಮತ್ತು ವೇಳಾಪಟ್ಟಿ. ನೈಋತ್ಯ ರೈಲ್ವೆ ೨೦೧೮ರಲ್ಲಿ ಸಾಮಾನ್ಯ ಟಿಕೆಟುಗಳ ಮೇಲೆ ಕನ್ನಡ ಮುದ್ರಿಸಲು ಶುರುಮಾಡಿತು. ಅಲ್ಲಿ ಸಾಧ್ಯವಾದದ್ದು ಎಲ್ಲೆಡೆಯೂ ಸಾಧ್ಯ. ನಮ್ಮ ಮಾರ್ಗಕ್ಕೆ ಇನ್ನೊಂದು ವಿಶೇಷ ಇದೆ. ಗುಡ್ಡ ಜರಿಯುವ ಭಯದಿಂದ ಮಳೆಗಾಲದಲ್ಲಿ ಗಾಡಿಗಳ ವೇಗ ಇಳಿಸುತ್ತಾರೆ, ವೇಳೆಯೇ ಬದಲಾಗುತ್ತದೆ. ೨೦೨೫ರಲ್ಲಿ ಜೂನ್ ೧೫ರಿಂದ ಅಕ್ಟೋಬರ್ ೨೦ರ ತನಕ ಮಳೆಗಾಲದ ಪಟ್ಟಿ ಇತ್ತು. ಎಂದರೆ ವರ್ಷಕ್ಕೆ ಎರಡು ಸಲ ವೇಳೆ ಬದಲು. ಅದು ಹಳ್ಳಿಯವನಿಗೆ ಕನ್ನಡದಲ್ಲಿ ತಿಳಿಯದಿದ್ದರೆ ಗೇರುಸೊಪ್ಪದಿಂದ ಬಸ್ಸು ಹತ್ತಿ ಹೋದ ಪ್ರಯಾಣವೇ ವ್ಯರ್ಥ.

ನಾಲ್ಕು, ಮನುಷ್ಯ. ಕೌಂಟರಿನಲ್ಲಿ, ವಿಚಾರಣೆಯ ಕಿಟಕಿಯಲ್ಲಿ ಕನ್ನಡ ಬಲ್ಲವರು ಇರಬೇಕು. ಹೊರ ರಾಜ್ಯದಿಂದ ಕೆಲಸಕ್ಕೆ ಬಂದ ಹುಡುಗ ನಮ್ಮ ವೈರಿಯಲ್ಲ, ಅವನೂ ಹೊಟ್ಟೆಪಾಡಿಗೆ ಬಂದವನು. ಅವನ ಮೇಲೆ ಕೂಗಾಡಬೇಡಿ, ನಾಲ್ಕು ಮಾತು ಕಲಿಸಿ. ಆದರೆ ಅವನಿಗೆ ಕಲಿಸಲೇಬೇಕಾದ ಹೊಣೆ ಅವನನ್ನು ಇಲ್ಲಿಗೆ ಕಳಿಸಿದ ಕಚೇರಿಯದು. ನಮ್ಮ ಮಕ್ಕಳಿಗೂ ಒಂದು ಮಾತು. ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆಗಳನ್ನು ಈಗ ಕನ್ನಡದಲ್ಲೂ ಬರೆಯಬಹುದು. ಅರ್ಜಿಯನ್ನೇ ಹಾಕದೆ ಕುರ್ಚಿ ಬೇರೆಯವರಿಗೆ ಹೋಯಿತು ಎಂದು ಅತ್ತರೆ ಏನು ಬಂತು?

ನಮ್ಮದು ಒಂದೇ ನುಡಿಯ ಕರಾವಳಿಯಲ್ಲ. ಹೊನ್ನಾವರದ ಪೇಟೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಅಲ್ಲಲ್ಲಿ ಮರಾಠಿ, ಉರ್ದು ಇವೆ. ಮನೆಯಲ್ಲಿ ಯಾವ ಮಾತಾದರೂ ಇರಲಿ, ಸಂತೆಯಲ್ಲಿ, ಯಕ್ಷಗಾನದ ಆಟದಲ್ಲಿ, ಶಾಲೆಯಲ್ಲಿ ಎಲ್ಲರನ್ನೂ ಕೂಡಿಸಿದ್ದು ಕನ್ನಡ. ಮುರುಡೇಶ್ವರ, ಗೋಕರ್ಣ, ಜೋಗ ನೋಡಲು ಬರುವವರಿಗೆ ಹಿಂದಿ, ಇಂಗ್ಲಿಷು ಇರಲಿ. ಅದನ್ನು ಅಳಿಸಿ ಎಂದು ನಾವು ಹೇಳಿಲ್ಲ. ನೆಂಟರಿಗೆ ಎಲೆ ಹಾಕುವ ಗಡಿಬಿಡಿಯಲ್ಲಿ ಮನೆಯವರನ್ನು ಹೊರಗೆ ನಿಲ್ಲಿಸಬೇಡಿ ಎನ್ನುತ್ತೇವೆ.

ಈಗ ಮುಂದಿನ ಕೆಲಸ. ಬರುವ ತಿಂಗಳು ನಮ್ಮ ಬಳಗದವರು ಮನವಿ ಹಿಡಿದು ಕಾರವಾರದ ಪ್ರಾದೇಶಿಕ ರೈಲ್ವೆ ಕಚೇರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಜೀಪು ಮಾಡಿಕೊಂಡು ಹೋಗುವುದು ಬೇಡ. ಹೊನ್ನಾವರದಲ್ಲಿ ಟಿಕೆಟು ತೆಗೆದು ರೈಲಿನಲ್ಲೇ ಹೋಗೋಣ. ಟಿಕೆಟನ್ನು ಕನ್ನಡದಲ್ಲಿ ಕೇಳೋಣ, ವೇಳೆಯನ್ನು ಕನ್ನಡದಲ್ಲಿ ವಿಚಾರಿಸೋಣ. ದಾರಿಯಲ್ಲಿ ಸಿಕ್ಕ ನಿಲ್ದಾಣಗಳಲ್ಲಿ ಕನ್ನಡ ಎಲ್ಲಿದೆ, ಎಲ್ಲಿಲ್ಲ, ಎಲ್ಲಿ ತಪ್ಪಿದೆ ಎಂದು ಬರೆದುಕೊಳ್ಳೋಣ. ಇದ್ದಲ್ಲಿ ಇದೆ ಎಂದೇ ಬರೆಯಬೇಕು. ಸುಳ್ಳು ದೂರು ಒಂದಿದ್ದರೆ ಸಾಕು, ನಿಜವಾದ ಹತ್ತು ದೂರುಗಳು ಬಿದ್ದುಹೋಗುತ್ತವೆ. ಪ್ರೂಫ್ ತಿದ್ದುವವನ ಕಟ್ಟುನಿಟ್ಟು ಅಲ್ಲಿರಲಿ. ಮನವಿಯ ಪ್ರತಿ ನಮ್ಮ ಶಾಸಕರಿಗೂ, ಸಂಸದರಿಗೂ ಹೋಗಲಿ. ರಾಜ್ಯದ ಪಾಲಿನ ಲೆಕ್ಕ ಕೇಳಬೇಕಾದವರು ಅವರು.

ನನ್ನ ಕೈಲಾದದ್ದನ್ನು ನಾನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು, ವರ್ಷಕ್ಕೆ ಎರಡು ಸಲ ಹೊನ್ನಾವರ ನಿಲ್ದಾಣದ ಗಾಡಿಗಳ ವೇಳಾಪಟ್ಟಿಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಒಂದೇ ಹಾಳೆಯಲ್ಲಿ ಅಚ್ಚು ಹಾಕಿ ಕೊಡುತ್ತೇನೆ. ಕಾಗದ ನನ್ನದು, ಮಸಿ ನನ್ನದು. ಹಂಚುವ ಕೈ ನಿಮ್ಮದು. ಗೇರುಸೊಪ್ಪದಿಂದ ಹೊನ್ನಾವರದ ತನಕ ಹೊಳೆ ದಂಡೆಯ ಪ್ರತಿ ಬಸ್ ತಂಗುದಾಣದಲ್ಲಿ, ಪ್ರತಿ ಚಹಾ ಅಂಗಡಿಯಲ್ಲಿ ಅದು ತೂಗಬೇಕು. ಸರಕಾರ ಮಾಡುವ ತನಕ ನಾವು ಕಾಯುವುದಿಲ್ಲ, ನಾವು ಮಾಡಿದೆವೆಂದು ಸರಕಾರವನ್ನು ಬಿಡುವುದೂ ಇಲ್ಲ.

ಹಾಳೆ ಹಂಚಲು ಬರುವ ಹುಡುಗರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿ. ಪುಸ್ತಕ ಮೇಜಿನ ಮೇಲಿದೆ.

ಜೈ ಕನ್ನಡಾಂಬೆ! ಜೈ ಕರ್ನಾಟಕ!