ಅಂಗೈ ಹುಣ್ಣಿಗೂ ಕನ್ನಡಿ ಬೇಕು

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತದೆ ಗಾದೆ. ಸಿಫಿಲಿಸ್ ವಿಷಯದಲ್ಲಿ ಮಾತ್ರ ಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರದ ಹೆಂಚಿನ ಭಟ್ಟಿಯಲ್ಲಿ ದುಡಿಯುವ ಒಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನ ಅಂಗೈ ಅಂಗಾಲುಗಳಲ್ಲಿ ತಾಮ್ರದ ಬಣ್ಣದ ಸಣ್ಣ ಕಲೆಗಳೆದ್ದಿವೆ. ಅಂಚಿನಲ್ಲಿ ತೆಳ್ಳಗೆ ಸಿಪ್ಪೆ ಸುಲಿದಿದೆ. ತುರಿಕೆಯಿಲ್ಲ, ನೋವಿಲ್ಲ. ಮಣ್ಣಿನ ಕೆಲಸಕ್ಕೆ ಹೀಗಾಗಿದೆ ಎನ್ನುತ್ತಾರೆ ಮನೆಯವರು. ಸೋರಿಯಾಸಿಸ್ ಇರಬೇಕು ಎನ್ನುತ್ತಾರೆ ಔಷಧಿ ಅಂಗಡಿಯವರು. ಮುಲಾಮು ಹಚ್ಚುತ್ತಾನೆ. ಕೆಲವು ವಾರಗಳಲ್ಲಿ ಕಲೆ ತಾನಾಗಿ ಮಾಯವಾಗಿ, ಹೆಸರು ಮುಲಾಮಿಗೆ ಬರುತ್ತದೆ. ರೋಗ ಮೈಯೊಳಗೇ ಉಳಿಯುತ್ತದೆ.

ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ತರುವ ಸುರುಳಿಯಾಕಾರದ ಸೂಕ್ಷ್ಮಾಣು ಟ್ರೆಪೊನೆಮಾ ಪ್ಯಾಲಿಡಮ್. ಇದನ್ನು 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಗುರುತಿಸಿದರು. ಅಂಗೈ ಕಲೆಗಳಿಗಿಂತ ಮುಂಚೆ, ಮೊದಲ ಹಂತದಲ್ಲಿ, ಸಾಮಾನ್ಯವಾಗಿ ಗುಪ್ತಾಂಗದಲ್ಲಿ ನೋವಿಲ್ಲದ ಒಂದು ಹುಣ್ಣು ಏಳುತ್ತದೆ. ಅದು ತುಟಿ, ನಾಲಿಗೆ, ಟಾನ್ಸಿಲ್, ಬೆರಳು, ಸ್ತನದ ತೊಟ್ಟುಗಳಲ್ಲೂ ಏಳಬಹುದು. ನೋಯದ ಹುಣ್ಣನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ.

ಈ ರೋಗದ ಹಳೆಯ ಹೆಸರಿನಲ್ಲೇ ಬೆಳಗಾವಿ ಸೀಮೆಯ ಭೂಗೋಳವಿದೆ. ಹದಿನಾರನೇ ಶತಮಾನದ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಇದನ್ನು ಫಿರಂಗ ರೋಗವೆಂದು ಕರೆದ. ಫಿರಂಗಿಯರೆಂದರೆ ಯುರೋಪಿನವರು. ಪೋರ್ಚುಗೀಸರು 1510ರಲ್ಲಿ ಹಿಡಿದ ಗೋವಾ ಖಾನಾಪುರ ತಾಲೂಕಿನ ಘಟ್ಟದ ಆಚೆಗೇ ಇದೆ. ಭಾವಮಿಶ್ರನ ಕಣ್ಣು ಎಷ್ಟು ಸೂಕ್ಷ್ಮವೆಂದರೆ, ಹೊರಗೆ ಕಾಣುವ ಫಿರಂಗ, ಒಳಗೆ ಅಡಗಿ ಕೀಲುಗಳಲ್ಲಿ ಆಮವಾತದಂತೆ ನೋಯಿಸುವ ಫಿರಂಗ, ಎರಡೂ ಸೇರಿದ ಫಿರಂಗ ಎಂದು ಮೂರು ಬಗೆ ಹೇಳಿದ. ಮೂಗು ಕುಸಿಯುವುದನ್ನೂ ಮೂಳೆ ಸೊಟ್ಟಗಾಗುವುದನ್ನೂ ದಾಖಲಿಸಿದ. ಅವನು ಹೇಳಿದ ಪಾದರಸದ ಮದ್ದು ಇಂದು ಸಲ್ಲದು. ಆದರೆ ಒಂದೇ ರೋಗ ಬೇರೆ ಬೇರೆ ವೇಷದಲ್ಲಿ ಬರುತ್ತದೆಂಬ ಅವನ ತಿಳಿವು ಇಂದಿಗೂ ಪಾಠ.

ಹೆಸರಿನಲ್ಲೇ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಚಾಳಿಯಿದೆ. ಅದು ಕಾಯ್ದೆಯಾಗಿಯೂ ಬಂತು. ಬೆಳಗಾವಿಯವರು ಇಂದಿಗೂ ಕ್ಯಾಂಪ್ ಎನ್ನುವ ದಂಡು ಪ್ರದೇಶ 1832ರದು. 1864ರ ಕಂಟೋನ್ಮೆಂಟ್ ಕಾಯ್ದೆ ಮತ್ತು 1868ರ ಸಾಂಕ್ರಾಮಿಕ ರೋಗ ಕಾಯ್ದೆಗಳ ಹೆಸರಿನಲ್ಲಿ ದೇಶದ ದಂಡು ಪ್ರದೇಶಗಳಲ್ಲೂ ದೊಡ್ಡ ನಗರಗಳಲ್ಲೂ ವೇಶ್ಯೆಯರನ್ನು ನೋಂದಾಯಿಸಿ, ಬಲವಂತವಾಗಿ ತಪಾಸಣೆ ಮಾಡಿ, ರೋಗವಿದ್ದರೆ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಕಾಯ್ದೆಯ ತಪಾಸಣೆ ಹೆಂಗಸರಿಗೆ ಮಾತ್ರ. ಅವರ ಬಳಿಗೆ ಬರುತ್ತಿದ್ದ ಸೈನಿಕರನ್ನು ಅದು ಮುಟ್ಟಲಿಲ್ಲ. ಇಬ್ಬರ ನಡುವಿನ ರೋಗಕ್ಕೆ ಒಬ್ಬರನ್ನೇ ಹಿಡಿದು ಮದ್ದು ಕೊಡುವುದು ಅನ್ಯಾಯವಷ್ಟೇ ಅಲ್ಲ, ವೈದ್ಯಕೀಯವಾಗಿಯೂ ವ್ಯರ್ಥ.

ಸಿಫಿಲಿಸ್ ರೋಗಿ ಚರ್ಮರೋಗ ವಿಭಾಗಕ್ಕೇ ಬರುತ್ತಾನೆಂಬ ಭರವಸೆಯಿಲ್ಲ. ಕಣ್ಣು ಕೆಂಪಾಗಿ ನೋಟ ಮಂಜಾದರೆ ಅವನು ಹೋಗುವುದು ಕಣ್ಣಿನ ವೈದ್ಯರಲ್ಲಿಗೆ. ಅಲ್ಲಿ ಯುವಿಯೈಟಿಸ್ ಎಂದು ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕು ಬಲಿಯಬಹುದು. ಕಿವಿ ಏಕಾಏಕಿ ಕೇಳಿಸದಂತಾದವರು, ತಲೆ ತಿರುಗುವವರು ಕಿವಿ ಮೂಗು ಗಂಟಲಿನ ಸಾಲಿನಲ್ಲಿ ನಿಲ್ಲುತ್ತಾರೆ. ಹುಳು ತಿಂದ ಬಟ್ಟೆಯಂತೆ ಅಲ್ಲಲ್ಲಿ ಕೂದಲು ಉದುರಿದವರು ಎಣ್ಣೆ ಬದಲಿಸುತ್ತಾರೆ. ಕೆಲವರಲ್ಲಿ ಕಾಮಾಲೆಯಾಗಿ, ಕೆಲವರಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರಿ ಮೈ ಊದಿಕೊಳ್ಳುವ ರೂಪದಲ್ಲಿ ಇದು ಕಾಣಿಸುತ್ತದೆ. ಉಂಗುರದಂಥ ಕಲೆಗಳನ್ನು ಕುಷ್ಠವೆಂದು ಭ್ರಮಿಸಿದ್ದೂ ಉಂಟು. ಎಚ್‌ಐವಿ ಜೊತೆಗಿದ್ದರೆ ಮೈತುಂಬ ಕರಿ ಹಕ್ಕಳೆಗಟ್ಟಿದ ಹುಣ್ಣುಗಳೇಳುವ ಉಗ್ರರೂಪವೂ ಇದೆ.

ಎಲ್ಲಕ್ಕಿಂತ ನೋವಿನ ಸಂಗತಿ ಮೆದುಳಿನದು. ಐವತ್ತರ ಆಸುಪಾಸಿನ ಮನುಷ್ಯ ಲೆಕ್ಕ ತಪ್ಪುತ್ತಾನೆ, ಮಾತು ತೊದಲುತ್ತಾನೆ, ಇಲ್ಲದ ದೊಡ್ಡಸ್ತಿಕೆ ಹೇಳುತ್ತಾನೆ. ಮನೆಯವರು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನಲವತ್ತು ದಾಟದವನಿಗೆ ಲಕ್ವಾ ಹೊಡೆದರೂ ಕಾರಣ ಇದೇ ಇರಬಹುದು. ವೈದ್ಯರ ತಲೆಯಲ್ಲಿ ಆ ಅನುಮಾನ ಸುಳಿದು ಒಂದು ರಕ್ತಪರೀಕ್ಷೆ ಬರೆದರೆ, ನಂತರ ಬೆನ್ನುಹುರಿಯ ನೀರು ತೆಗೆದು ನೋಡಿದರೆ, ಚಿಕಿತ್ಸೆಗೆ ದಾರಿಯಿದೆ.

ಆ ರಕ್ತಪರೀಕ್ಷೆ ಬಡವರ ಕೈಗೂ ಎಟುಕುವಂಥದ್ದು. ಬಿಳಿ ಕಾರ್ಡಿನ ವೃತ್ತದಲ್ಲಿ ಒಂದು ಹನಿ ಸೀರಮ್, ಅದರ ಪಕ್ಕದಲ್ಲಿ ಇದ್ದಿಲಿನ ಕಣ ಬೆರೆಸಿದ ಆ್ಯಂಟಿಜೆನ್ ಒಂದು ಹನಿ. ಎರಡನ್ನೂ ಬೆರೆಸಿ ಯಂತ್ರದ ಮೇಲೆ 8 ನಿಮಿಷ ತಿರುಗಿಸಿದರೆ, ರೋಗವಿಲ್ಲದವರ ವೃತ್ತ ಸಮನಾಗಿ ಬೂದುಬಣ್ಣದಲ್ಲಿ ಉಳಿಯುತ್ತದೆ. ಇದ್ದವರಲ್ಲಿ ಕಪ್ಪು ಕಣಗಳು ರಾಗಿಹಿಟ್ಟಿನ ಗಂಟಿನಂತೆ ಕೂಡಿಕೊಳ್ಳುತ್ತವೆ. ಇದು ಆರ್‌ಪಿಆರ್. ಇಲ್ಲಿಯೂ ಒಂದು ಮೋಸವಿದೆ. ಪ್ರತಿಕಾಯಗಳು ತೀರಾ ಹೆಚ್ಚಿದ್ದರೆ ಕಣಗಳು ಗಂಟುಕಟ್ಟದೆ, ರೋಗ ಉಚ್ಛ್ರಾಯದಲ್ಲಿರುವವರ ಫಲಿತಾಂಶವೇ ನೆಗೆಟಿವ್ ಬರಬಹುದು. ಸೀರಮ್ಮನ್ನು ತೆಳುವಾಗಿಸಿ ಮತ್ತೆ ನೋಡಿದಾಗ ನಿಜ ಹೊರಬೀಳುತ್ತದೆ. ಅನುಮಾನವಿದ್ದರೆ ಹಾಗೆ ನೋಡಿ ಎಂದು ವೈದ್ಯರು ಲ್ಯಾಬಿಗೆ ಬರೆಯಬೇಕು. ಕುಷ್ಠ, ಮಲೇರಿಯಾ, ಗರ್ಭಾವಸ್ಥೆಗಳಲ್ಲಿ ಸುಳ್ಳು ಪಾಸಿಟಿವ್ ಬರಬಹುದಾದ್ದರಿಂದ ಟಿಪಿಎಚ್‌ಎ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ವಾಡಿಕೆ.

ಮದ್ದು ಹಳೆಯದೇ, ಇಂದಿಗೂ ಸೋಲದ್ದೇ. 1943ರಲ್ಲಿ ಅಮೆರಿಕದ ಮಹೋನಿ ಪೆನಿಸಿಲಿನ್‌ನಿಂದ ಸಿಫಿಲಿಸ್ ವಾಸಿಮಾಡಿ ತೋರಿಸಿದರು. ಹೊಸ ಸೋಂಕಿಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಒಂದೇ ಸಲ. ಸಾಮಾನ್ಯವಾಗಿ ಎರಡು ಪಾಲು ಮಾಡಿ ಎರಡೂ ಪೃಷ್ಠಗಳಿಗೆ ಚುಚ್ಚುತ್ತಾರೆ. ಹಾಲಿನಂತೆ ಬೆಳ್ಳಗಿನ ಗಟ್ಟಿ ದ್ರಾವಣ ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ನೋವೂ ಹೆಚ್ಚು. ಅಂದು ರಾತ್ರಿ ಜ್ವರ, ಚಳಿ, ಮೈಕೈ ನೋವು ಬಂದರೆ ಅದನ್ನು ಪೆನಿಸಿಲಿನ್ ಅಲರ್ಜಿ ಎಂದುಕೊಳ್ಳಬಾರದು. ಸಾಯುವ ಸೂಕ್ಷ್ಮಾಣುಗಳ ಗದ್ದಲ ಅದು, ಒಂದು ದಿನದಲ್ಲಿ ಇಳಿಯುತ್ತದೆ. ಕಣ್ಣು, ಕಿವಿ, ಮೆದುಳಿಗೆ ತಗುಲಿದ್ದರೆ ಈ ಸೂಜಿ ಸಾಲದು. ಆಸ್ಪತ್ರೆಯಲ್ಲಿ 10ರಿಂದ 14 ದಿನ ರಕ್ತನಾಳದ ಮೂಲಕ ಕ್ರಿಸ್ಟಲೈನ್ ಪೆನಿಸಿಲಿನ್ ಕೊಡಬೇಕು.

ಹಳೆಯ ಸೋಂಕಿಗೆ ಬೆಂಜಥೀನ್ ಸೂಜಿ ವಾರಕ್ಕೊಂದರಂತೆ ಮೂರು ಸಲ. ಬರೆಯಲು ಸುಲಭ. ಮಳೆಗಾಲದಲ್ಲಿ ಆಮಗಾಂವ್, ಗವಾಳಿಯಂಥ ಭೀಮಗಡದ ಕಾಡಿನ ಊರುಗಳಿಂದ ಹಳ್ಳ ದಾಟಿ ಮೂರು ವಾರ ಖಾನಾಪುರಕ್ಕೆ ಬರುವುದು ಗರ್ಭಿಣಿಗೆ ಹೇಗೆ ಸಾಧ್ಯ? ಗರ್ಭಿಣಿಯಲ್ಲಿ ಎರಡು ಸೂಜಿಗಳ ನಡುವೆ 9 ದಿನಕ್ಕಿಂತ ಹೆಚ್ಚಾದರೆ ಮೊದಲಿನಿಂದ ಶುರುಮಾಡಬೇಕು. ಆಕೆಗೆ ಪೆನಿಸಿಲಿನ್ ಬಿಟ್ಟರೆ ಗಟ್ಟಿಯಾದ ಬೇರೆ ಮದ್ದೂ ಇಲ್ಲ. ಈ ಲೆಕ್ಕವನ್ನು ಆಸ್ಪತ್ರೆ ಮಾಡಬೇಕೇ ಹೊರತು ಆಕೆಯ ತಲೆಗೆ ಕಟ್ಟಬಾರದು.

ಜನರನ್ನು ಮರ್ಯಾದೆಯಿಂದ ಕರೆದರೆ ಬರುತ್ತಾರೆಂಬುದಕ್ಕೆ ಇದೇ ಜಿಲ್ಲೆ ಸಾಕ್ಷಿ. ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಮತ್ತು ಬೆಂಗಳೂರು ನಗರ ಜಿಲ್ಲೆಗಳಲ್ಲಿ 2000ದ ದಶಕದಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಎಚ್‌ಐವಿ ತಡೆಯ ಅವಾಹನ್ ಯೋಜನೆ ನಡೆಯಿತು. ಗೆಳತಿಯರೇ ಗೆಳತಿಯರನ್ನು ಕ್ಲಿನಿಕ್ಕಿಗೆ ಕರೆತಂದರು. ಎರಡೂವರೆ, ಮೂರು ವರ್ಷಗಳ ಅಂತರದ ಎರಡು ಸಮೀಕ್ಷೆಗಳಲ್ಲಿ ಸಕ್ರಿಯ ಸಿಫಿಲಿಸ್ ಶೇ. 5.9ರಿಂದ 3.4ಕ್ಕೆ ಇಳಿದಿತ್ತು. ಕಂಟೋನ್ಮೆಂಟ್ ಕಾಯ್ದೆ ಕೂಡಿಹಾಕಿ ಮಾಡಲು ಹೊರಟದ್ದನ್ನು ಈ ಹೆಂಗಸರು ನಂಬಿಕೆಯಿಂದ ಮಾಡಿದರು.

ಈಗ ಲೈಂಗಿಕ ರೋಗಗಳ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಹುಣ್ಣಿಗೆ ಬಿಳಿ ಕಿಟ್, ಪೆನಿಸಿಲಿನ್ ಒಗ್ಗದವರಿಗೆ ನೀಲಿ ಕಿಟ್ ಉಚಿತ. ಗರ್ಭಿಣಿಯರಿಗೆ ಎಚ್‌ಐವಿ ಜೊತೆಗೆ ಸಿಫಿಲಿಸ್ ಪರೀಕ್ಷೆಯೂ ಆಗಬೇಕೆಂಬ ನಿಯಮವಿದೆ. ಪಾಸಿಟಿವ್ ಬಂದಾಗ ಗಂಡ ಬರುವುದಿಲ್ಲ. ನನಗೇನೂ ಆಗಿಲ್ಲವಲ್ಲ ಎನ್ನುತ್ತಾನೆ. ಆಗದಂತೆ ಕಾಣುವುದೇ ಈ ರೋಗದ ಸ್ವಭಾವ. ಅವನಿಗೆ ಸೂಜಿ ಬೀಳದಿದ್ದರೆ ವಾಸಿಯಾದ ಹೆಂಡತಿಗೆ ಮತ್ತೆ ತಗಲುತ್ತದೆ. ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ಮೂಗು ಕಟ್ಟಿ ಸೋರುತ್ತ, ನೋವಿಗೆ ಕೈಕಾಲು ಆಡಿಸದೆ ಮಲಗಿರಬಹುದು. ಚೆನ್ನಾಗಿಯೇ ಹುಟ್ಟಿದ ಮಗುವಿನ ರಕ್ತವನ್ನೂ ಎರಡು ಮೂರು ತಿಂಗಳಿಗೊಮ್ಮೆ, ನೆಗೆಟಿವ್ ಬರುವವರೆಗೆ ನೋಡುತ್ತಿರಬೇಕು. ಆ ದಿನಾಂಕಗಳನ್ನು ನರ್ಸಕ್ಕ ತಾಯಿ ಕಾರ್ಡಿನಲ್ಲಿ ಲಸಿಕೆಯ ದಿನಾಂಕಗಳ ಪಕ್ಕದಲ್ಲೇ ಬರೆದುಕೊಟ್ಟರೆ, ತಾಯಿ ಅದಕ್ಕಾಗಿ ಬೇರೆ ದಿನ ಬಸ್ಸು ಹತ್ತಬೇಕಾಗಿಲ್ಲ, ಯಾಕೆ ಹೋಗುತ್ತಿದ್ದೀ ಎಂಬ ನೆರೆಯವರ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಯೂ ಇಲ್ಲ.