ವೀವ್ಸ್ ಬಂದವು, ಬೇಳೆ ಹೋಗಲಿಲ್ಲ

ಐನಾಪುರದಿಂದ ಮಾತಾಡ್ತಿದ್ದೀನಿ. 2021ರ ಏಪ್ರಿಲ್‌ನಲ್ಲಿ ಬಂದ ಕ್ರೆಡ್ ಜಾಹೀರಾತು ನೆನಪದ ಅಲ್ರೀ? ಸದಾ ಶಾಂತವಾಗಿರೋ ರಾಹುಲ್ ದ್ರಾವಿಡ್ ಬೆಂಗಳೂರು ಟ್ರಾಫಿಕ್‌ನಾಗ ಸಿಟ್ಟಿಗೆದ್ದು ಕಾರಿನ ಕನ್ನಡಿ ಒಡೆದಿದ್ದು! ಯಾರೂ ನಿರೀಕ್ಷೆ ಮಾಡಿರಲಿಲ್ಲ. ಅದಕ್ಕೇ ಜನ ನಕ್ಕು, ಗೆಳೆಯರಿಗೂ ಕಳಿಸಿದರು. ವೈರಲ್ ಆಗೋದು ಹಿಂಗೇ.

ಅದನ್ನ ನೋಡಿ ನಾನೂ ನಮ್ಮ ಹೊಲದ ತೊಗರಿಬೇಳೆಗೆ ಕಾಮಿಡಿ ರೀಲ್ ಮಾಡಿದೆ. 40 ಸಾವಿರ ವೀವ್ಸ್, ಆರ್ಡರ್ ಮೂರು. ಅಪ್ಪ ಕೇಳಿದರು: "ಜನ ನಕ್ಕರು ಖರೆ, ಬೇಳಿ ಎಲ್ಲಿ ಸಿಗ್ತದ ಅಂತ ಹೇಳಿದಿ ಏನು?" ಹೇಳಿರಲಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದನ್ನೂ ಬಿಟ್ಟಿದ್ದೆ.

ಈಗ ಅವ್ವ ಬೇಳೆ ಬೇಯಿಸೋ ವಿಡಿಯೋ ಹಾಕೀನಿ, ರೇಟು, ವಾಟ್ಸಾಪ್ ನಂಬರ್ ಸಮೇತ. ವೀವ್ಸ್ ಕಮ್ಮಿ, ಆದ್ರ ಫೋನ್ ಬರ್ತಾವ. ಮನ್ಯಾಗ ಇನ್ನೂ ಎರಡು ಕ್ವಿಂಟಲ್ ಅದ. ಮುಂದಿನ ವಾರ ಲೆಕ್ಕ ಹೇಳ್ತೀನ್ರಿ.