ನಾಯಿಯ ಒಣ ಆಹಾರ: ಚೀಲದ ಬೆನ್ನನ್ನು ಓದುವ ಬಗೆ

(ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಹೊರಗಿನ ಫಲಕದ ಮೇಲೆ ಓದಿ ಕೆಲವರು ನಕ್ಕಿದ್ದೀರಿ. ಮನುಷ್ಯರ ಕಿರಾಣಿಯೇ ಇಷ್ಟು ತುಟ್ಟಿಯಾಗಿರುವಾಗ ನಾಯಿಯ ಊಟದ ಮೇಲೆ ಭಾಷಣವೇ ಎಂದು ಕೇಳಿದವರೂ ಉಂಟು. ತುಟ್ಟಿಯಾಗಿದೆ ಎಂದೇ ಈ ಮಾತು ಬೇಕಾಯಿತು. ಡೊಂಬಿವಲಿ, ಕಲ್ಯಾಣ, ಥಾಣೆಗಳ ಚಾಳುಗಳಲ್ಲಿ, ನವಿ ಮುಂಬಯಿಯ ಸೊಸೈಟಿಗಳಲ್ಲಿ ನಮ್ಮವರ ಮನೆಗಳಿಗೂ ನಾಯಿ ಬಂದಿದೆ. ಮಕ್ಕಳು ಹಟ ಹಿಡಿದು ತಂದದ್ದೋ, ಮಳೆಯಲ್ಲಿ ಜಿನ್ನೆಯ ಕೆಳಗೆ ಬಂದು ಕುಳಿತದ್ದೋ, ಅಂತೂ ಬಂದಿದೆ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಲೋಕಲ್ ಹಿಡಿಯುವ ಮನೆಯಲ್ಲಿ ನಾಯಿಗೆಂದು ಬೇರೆ ಅಡಿಗೆ ಮಾಡುವವರಾರು? ಆದ್ದರಿಂದ ಒಣ ಆಹಾರದ ಚೀಲ ಬರುತ್ತದೆ. ಪಗಾರದ ಒಂದು ಭಾಗ ತಿಂಗಳು ತಿಂಗಳೂ ಅದಕ್ಕೆ ಹೋಗುತ್ತದೆ.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ನಮ್ಮ ಊಟದಲ್ಲಿ ಇಂದು ಬೇಳೆ ಕಡಿಮೆಯಾದರೆ ನಾಳೆ ಕಾಳಿನ ಪಲ್ಯವಾಗುತ್ತದೆ, ನಾಡಿದ್ದು ಸೊಪ್ಪು ಬರುತ್ತದೆ. ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಚೀಲದ ಆಹಾರ ತಿನ್ನುವ ನಾಯಿಗೆ ವರ್ಷದ 365 ದಿನವೂ ಎರಡು ಹೊತ್ತೂ ಅದೇ ಊಟ. ಚೀಲದಲ್ಲಿ ಏನಾದರೂ ಕಡಿಮೆಯಿದ್ದರೆ ಅದನ್ನು ತುಂಬಲು ಬೇರೆ ತಟ್ಟೆಯಿಲ್ಲ. ‘ಇದು ಬೇಡ’ ಎಂದು ಹೇಳಲು ಅದಕ್ಕೆ ಬಾಯಿಯೂ ಇಲ್ಲ.

ನಾಯಿಗೆಂದು ಆಹಾರ ತಯಾರಿಸಿ ಮಾರುವ ಉದ್ಯೋಗ ಬಹಳ ಹಳೆಯದಲ್ಲ. 1860ರ ಸುಮಾರಿಗೆ ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕದವನು ನಾಯಿ ಬಿಸ್ಕತ್ತು ಮಾರತೊಡಗಿದ. ಇಂದಿನ ಕಾಳಿನಂಥ ಆಹಾರ ಬಂದದ್ದು 1950ರ ದಶಕದಲ್ಲಿ. ಹಿಟ್ಟು, ಮಾಂಸದ ಪುಡಿ ಮುಂತಾದವನ್ನು ಕಲಸಿ, ಹಬೆಯಲ್ಲಿ ಬೇಯಿಸಿ, ಚಕ್ಕುಲಿಯ ಒರಳಿನಲ್ಲಿ ಒತ್ತಿದಂತೆ ತೂತಿನಿಂದ ಒತ್ತಿ ತೆಗೆದು, ಕತ್ತರಿಸಿ, 100ಕ್ಕೆ 10ರಷ್ಟು ತೇವ ಉಳಿಯುವಂತೆ ಒಣಗಿಸುತ್ತಾರೆ. ಮೇಲೆ ಕೊಬ್ಬನ್ನೂ ರುಚಿಯ ದ್ರವವನ್ನೂ ಸಿಂಪಡಿಸುತ್ತಾರೆ. ನಾಯಿ ಆಸೆಯಿಂದ ತಿನ್ನುವುದು ಬಹುಮಟ್ಟಿಗೆ ಈ ಸಿಂಪಡಣೆಯ ವಾಸನೆಗೆ. ‘ನಮ್ಮ ನಾಯಿ ತಟ್ಟೆ ನೆಕ್ಕಿ ತಿನ್ನುತ್ತದೆ, ಆದ್ದರಿಂದ ಮಾಲು ಒಳ್ಳೆಯದು’ ಎನ್ನುವುದು ಸರಿಯಲ್ಲ. ನಮ್ಮ ಮಕ್ಕಳೂ ಬಟಾಟೆ ವೇಫರನ್ನು ಹಾಗೆಯೇ ತಿನ್ನುತ್ತಾರೆ. ಕಾಳಿನ ಕೆಂಪು, ಹಸಿರು ಬಣ್ಣಗಳಂತೂ ನಮ್ಮ ಕಣ್ಣಿಗಾಗಿ. ನಾಯಿಗೆ ಕೆಂಪು ಹಸಿರುಗಳ ಭೇದ ಕಾಣುವುದಿಲ್ಲ.

ಇನ್ನು ಚೀಲವನ್ನು ತಿರುಗಿಸೋಣ. ಮುಂಭಾಗದ ಚಿತ್ರವನ್ನು ಬಿಟ್ಟು ಬೆನ್ನಿನ ಸಣ್ಣಕ್ಷರವನ್ನು ಓದಬೇಕು. ಅಲ್ಲಿ ಪದಾರ್ಥಗಳ ಪಟ್ಟಿಯಿರುತ್ತದೆ. ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ, ಇದು ಬರೆಯುವ ಪದ್ಧತಿ. ಅದು ಕಲಸುವ ಹೊತ್ತಿನ ತೂಕ, ಬೆಂದು ಒಣಗಿದ ಮೇಲಿನ ತೂಕವಲ್ಲ. ಗಿರಣಿಯಲ್ಲಿ ಕೆಲಸ ಮಾಡುವ ನಮಗೆ ಇದು ಹೊಸ ಪಾಠವೇನಲ್ಲ. ಹತ್ತಿಯ ತೂಕದಲ್ಲಿ ನೀರಿನ ತೂಕವೂ ಸೇರಿರುತ್ತದೆಂದು ನಮಗೆ ಗೊತ್ತು. ಪೂರ್ತಿ ಒಣಗಿದ 100 ಕಿಲೋ ಹತ್ತಿಗೆ ಎಂಟೂವರೆ ಕಿಲೋ ತೇವವೆಂದು ಹಿಡಿದು ವ್ಯಾಪಾರದ ತೂಕ ಕಟ್ಟುತ್ತಾರೆ. ಅದಕ್ಕಿಂತ ಹೆಚ್ಚು ನೀರಿದ್ದರೆ ಹತ್ತಿಯ ದರದಲ್ಲಿ ನೀರು ಕೊಂಡಂತೆ. ಕೋಳಿಯ ಹಸಿ ಮಾಂಸದಲ್ಲಿ 100ಕ್ಕೆ 70ರ ಮೇಲೆ ನೀರೇ ಇದೆ.

ಒಂದು ಲೆಕ್ಕ ಹಾಕಿ ನೋಡೋಣ. 100 ಕಿಲೋ ಕಲಬೆರಕೆಯಲ್ಲಿ ಹಸಿ ಕೋಳಿ 26 ಕಿಲೋ, ಅಕ್ಕಿ 20, ಮೆಕ್ಕೆಜೋಳ 20, ಗೋಧಿ ತೌಡು 12, ಸೋಯಾ 14, ಎಣ್ಣೆ ಉಪ್ಪು ಇತ್ಯಾದಿ 8 ಎಂದು ಇಟ್ಟುಕೊಳ್ಳಿ. ಪಟ್ಟಿಯಲ್ಲಿ ಮೊದಲ ಹೆಸರು ಕೋಳಿಯದೇ. ಚೀಲದ ಮುಂದೆ ದೊಡ್ಡದಾಗಿ ‘ಕೋಳಿಯೇ ಮೊದಲ ಪದಾರ್ಥ’ ಎಂದು ಅಚ್ಚು ಹಾಕಿಸಬಹುದು, ಸುಳ್ಳೇನಲ್ಲ. ಆದರೆ ನೀರು ಕಳೆದರೆ ಕೋಳಿಯಿಂದ ಉಳಿಯುವುದು ಎಂಟು ಕಿಲೋದ ಒಳಗೆ. ಅಕ್ಕಿ, ಜೋಳ, ತೌಡು ಮೂರೂ ಸೇರಿ ನೀರು ಕಳೆದರೂ 45 ಕಿಲೋ ದಾಟುತ್ತವೆ. ಹೆಸರು ಕೋಳಿಯದು, ಹೊಟ್ಟೆ ತುಂಬಿಸುವುದು ಧಾನ್ಯ.

ಇದರಲ್ಲೇ ಎರಡನೆಯ ಜಾಣತನವೂ ಅಡಗಿದೆ. ಒಂದೇ ಧಾನ್ಯವನ್ನು ಅಕ್ಕಿ, ಅಕ್ಕಿ ನುಚ್ಚು, ಅಕ್ಕಿ ತೌಡು ಎಂದು ಮೂರು ಹೆಸರಾಗಿ ಒಡೆದರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ, ಮಾಂಸ ಮೇಲೇರುತ್ತದೆ. ಓದುವಾಗ ಒಂದೇ ಮನೆತನದ ಹೆಸರುಗಳನ್ನು ಕೂಡಿಸಿ ಓದಬೇಕು.

‘ಚಿಕನ್ ಮೀಲ್’ ಎಂಬ ಮಾತು ಕಂಡರೆ ಕೆಲವರು ಮೂಗು ಮುರಿಯುತ್ತಾರೆ. ಅದು ಕೋಳಿಯ ಮಾಂಸ, ಮೂಳೆಗಳನ್ನು ಬೇಯಿಸಿ, ನೀರನ್ನೂ ಬಹುಪಾಲು ಕೊಬ್ಬನ್ನೂ ತೆಗೆದು ಮಾಡಿದ ಪುಡಿ. ನೀರು ಆಗಲೇ ಹೋಗಿರುವುದರಿಂದ ಪಟ್ಟಿಯಲ್ಲಿ ಅದು ಮೊದಲಿದ್ದರೆ ನಿಜವಾಗಿಯೂ ಮೊದಲಿದೆ. ‘ಬೈ-ಪ್ರಾಡಕ್ಟ್’ ಎಂದರೂ ಹೆದರಬೇಕಾಗಿಲ್ಲ. ಯಕೃತ್ತು, ಗುಂಡಿಗೆ, ಶ್ವಾಸಕೋಶ ಇಂಥವು. ನಮ್ಮ ಊರಿನಲ್ಲಿ ಬೋಟಿ, ಕಲೀಜ ತಿನ್ನುವವರು ಅದನ್ನು ಕಸವೆನ್ನುವುದಿಲ್ಲ. ನೋಡಬೇಕಾದದ್ದು ಪ್ರಾಣಿಯ ಹೆಸರು. ಕೋಳಿ, ಮೀನು, ಕುರಿ ಎಂದು ಹೆಸರಿದ್ದರೆ ಒಳ್ಳೆಯದು. ಬರಿಯ ‘ಮಾಂಸ ಮತ್ತು ಮೂಳೆಯ ಪುಡಿ’ ಎಂದಷ್ಟೇ ಬರೆದಿದ್ದರೆ ಈ ತಿಂಗಳ ಚೀಲದಲ್ಲಿ ಯಾವುದರದು, ಮುಂದಿನ ತಿಂಗಳು ಯಾವುದರದು ಎಂದು ಕೊಳ್ಳುವವನಿಗೆ ತಿಳಿಯದು. ಮುಂಭಾಗದ ಮಾತುಗಳಲ್ಲಿಯೂ ಭೇದವಿದೆ. ಅಮೆರಿಕದ ರೂಢಿಯಲ್ಲಿ ‘ವಿತ್ ಚಿಕನ್’ ಎನ್ನಲು 100ಕ್ಕೆ 3ರಷ್ಟು ಕೋಳಿ ಸಾಕು. ‘ಚಿಕನ್ ಫ್ಲೇವರ್’ ಎನ್ನಲು ರುಚಿ ತಿಳಿಯುವಷ್ಟು ಇದ್ದರಾಯಿತು.

ಪಟ್ಟಿಯಲ್ಲಿ ಉಪ್ಪು ಎಲ್ಲಿದೆ ಎಂದು ಹುಡುಕಿ. ಉಪ್ಪನ್ನು ಸಾಮಾನ್ಯವಾಗಿ 100ಕ್ಕೆ 1ರ ಆಚೀಚೆಯಷ್ಟೇ ಹಾಕುತ್ತಾರೆ. ಉಪ್ಪಿನ ನಂತರ ಬರುವ ದಾಳಿಂಬೆ, ಅರಿಸಿನ, ಪಾಲಕ್ ಎಲ್ಲವೂ ಅದಕ್ಕಿಂತ ಕಡಿಮೆ. ಜೀವಸತ್ವ, ಖನಿಜಗಳು ಆ ಸ್ಥಾನದಲ್ಲಿರುವುದು ಸರಿಯೇ. ದಾಳಿಂಬೆಯ ಚಿತ್ರಕ್ಕಾಗಿ ಹೆಚ್ಚು ಬೆಲೆ ಕೊಡಬೇಕೇ ಎಂಬುದನ್ನು ನೀವೇ ವಿಚಾರಿಸಿ.

ಪಟ್ಟಿಯ ಕೆಳಗೆ ಅಂಕಿಗಳಿರುತ್ತವೆ: ಕ್ರೂಡ್ ಪ್ರೋಟೀನ್, ಕೊಬ್ಬು, ನಾರು, ತೇವ. ಬೆಳೆದ ನಾಯಿಗೆ ತೇವ ಕಳೆದ ಲೆಕ್ಕದಲ್ಲಿ ಪ್ರೋಟೀನ್ 100ಕ್ಕೆ 18, ಕೊಬ್ಬು 5.5, ಮರಿಗೆ 22.5 ಮತ್ತು 8.5 ಕಡಿಮೆಯೆಂದರೂ ಬೇಕೆಂದು ಅಮೆರಿಕದ ಮಾನಕ ಹೇಳುತ್ತದೆ. ನಮ್ಮ ಭಾರತೀಯ ಮಾನಕ ಬ್ಯೂರೋದ್ದೂ ಐ.ಎಸ್. 11968 ಎಂಬ ಮಾನಕವಿದೆ. ಚೀಲದಲ್ಲಿ ಪ್ರೋಟೀನ್ 20, ಕೊಬ್ಬು 10, ನಾರು 4, ತೇವ 10 ಎಂದಿದ್ದರೆ, ಬೂದಿಗೆ 8 ಹಿಡಿದು ಎಲ್ಲವನ್ನೂ 100ರಲ್ಲಿ ಕಳೆಯಿರಿ. ಉಳಿದ 48 ಪಿಷ್ಟ. ಈ ಅಂಕಿಯನ್ನು ಚೀಲದ ಮೇಲೆ ಅಚ್ಚು ಹಾಕುವವರು ಕಡಿಮೆ. ನಾವೇ ಲೆಕ್ಕ ಮಾಡಿಕೊಳ್ಳಬೇಕು.

ಆದರೆ ಪ್ರೋಟೀನಿನ ಅಂಕಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಪ್ರಯೋಗಶಾಲೆಯಲ್ಲಿ ಅಳೆಯುವುದು ಪ್ರೋಟೀನನ್ನಲ್ಲ, ಸಾರಜನಕವನ್ನು; ಬಂದ ಅಂಕಿಯನ್ನು 6.25ರಿಂದ ಗುಣಿಸಿ ‘ಪ್ರೋಟೀನ್ ಇಷ್ಟು’ ಎಂದು ಬರೆಯುತ್ತಾರೆ. ಮಾಂಸದ ಸಾರಜನಕವೂ ಒಂದೇ, ಚರ್ಮ, ಗೊರಸು, ಗರಿಗಳ ಸಾರಜನಕವೂ ಒಂದೇ. 2007ರಲ್ಲಿ ಇದರಿಂದ ದೊಡ್ಡ ಅನರ್ಥವಾಯಿತು. ಚೀನದಿಂದ ಅಮೆರಿಕಕ್ಕೆ ಬಂದ ಗೋಧಿಯ ಅಂಟಿನಲ್ಲಿ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದರು. ಅದರಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕ. 100 ಗ್ರಾಂ ಮೆಲಮೈನ್ ಪರೀಕ್ಷೆಯಲ್ಲಿ 400 ಗ್ರಾಮಿಗೂ ಮಿಕ್ಕ ಪ್ರೋಟೀನಿನಂತೆ ತೋರುತ್ತದೆ! ನಾಯಿ ಬೆಕ್ಕುಗಳ ಮೂತ್ರಪಿಂಡಗಳು ಕೆಟ್ಟು ಸತ್ತವು. ಕೋಟಿಗಟ್ಟಲೆ ಡಬ್ಬಿ, ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಂಡರು. ಮರುವರ್ಷ, 2008ರಲ್ಲಿ, ಅದೇ ಮೆಲಮೈನ್ ಚೀನದ ಕೂಸುಗಳ ಹಾಲಿನ ಪುಡಿಯಲ್ಲಿ ಸಿಕ್ಕಿತು. ನಾಯಿಯ ತಟ್ಟೆಯಲ್ಲಿ ಕಂಡದ್ದನ್ನು ನಾಯಿಯದೇ ಎಂದು ಬಿಡಬಾರದೆನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮಲ್ಲಿ ಶಾಕಾಹಾರಿ ಮನೆಗಳು ಬಹಳ. ಅವರ ಪ್ರಶ್ನೆ ಇದು: ಮಾಂಸವಿಲ್ಲದೆ ನಾಯಿ ಬದುಕದೇ? ಮುಧೋಳದ ಕಡೆಯವರು ಇದಕ್ಕೆ ಉತ್ತರ ಹೇಳಬಲ್ಲರು. ನಮ್ಮ ಮುಧೋಳದ ಬೇಟೆನಾಯಿ ಜೋಳದ ರೊಟ್ಟಿ, ನುಚ್ಚು, ಹಾಲು ತಿಂದು ಬೆಳೆದದ್ದು. ಅದರ ಚಿತ್ರವಿರುವ ಅಂಚೆಚೀಟಿ 2005ರಲ್ಲಿ ಬಂತು. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳಕ್ಕಿಂತ ನಾಯಿಗೆ ಪಿಷ್ಟವನ್ನು ಜೀರ್ಣಿಸುವ ಶಕ್ತಿ ಬಹಳ ಹೆಚ್ಚೆಂದು ಅದರ ವಂಶವಾಹಿಗಳಲ್ಲೇ ತೋರಿಸಿದರು. ಆದ್ದರಿಂದ ಧಾನ್ಯವೆಂದರೆ ವಿಷವಲ್ಲ. ಧಾನ್ಯವೇ ಇಲ್ಲವೆಂದು ದುಪ್ಪಟ್ಟು ಬೆಲೆಗೆ ಮಾರುವ ಚೀಲಗಳಲ್ಲಿ ಬಟಾಣಿ, ಕಾಳು, ಬಟಾಟೆಗಳನ್ನು ತುಂಬಿರುತ್ತಾರೆ. ಅಂಥ ಆಹಾರಕ್ಕೂ ಒಂದು ಬಗೆಯ ಹೃದಯರೋಗಕ್ಕೂ ಸಂಬಂಧವಿದೆಯೇ ಎಂದು ಅಮೆರಿಕದ ಸರಕಾರ 2018ರಿಂದ ವಿಚಾರಣೆ ನಡೆಸಿತು, ಖಚಿತವಾದ ತೀರ್ಮಾನ ಹೊರಬರಲಿಲ್ಲ. ಆದರೆ ರೊಟ್ಟಿ ಹಾಲು ತಿಂದ ಊರಿನ ನಾಯಿ ಹೊಲದಲ್ಲಿ ಇಲಿ, ಮೊಲ ಹಿಡಿದು ತಿನ್ನುತ್ತಿತ್ತೆಂಬುದನ್ನೂ ಮರೆಯಬಾರದು. ಮೂರನೆಯ ಮಾಳಿಗೆಯ ಖೋಲಿಯಲ್ಲಿ ಆ ಸೌಕರ್ಯವಿಲ್ಲ! ಶಾಕಾಹಾರಿ ಚೀಲ ತರುವುದಾದರೆ ‘ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್’, ಅಂದರೆ ಪೂರ್ಣಾಹಾರ, ಎಂಬ ಮಾತೂ, ಯಾವ ವಯಸ್ಸಿನ ನಾಯಿಗೆ ಎಂಬುದೂ ಇದೆಯೇ ನೋಡಿ. ಮಾಂಸದ ಚೀಲಕ್ಕೂ ಇದೇ ಮಾತು. ನಮ್ಮ ಅಭಿಪ್ರಾಯದಲ್ಲಿ ಇಡೀ ಚೀಲದ ಮೇಲೆ ಒಂದೇ ಸಾಲು ಓದಲು ಸಮಯವಿದ್ದರೆ ಇದನ್ನೇ ಓದಬೇಕು. ಬೆಕ್ಕಿಗೆ ಮಾತ್ರ ನಾಯಿಯ ಆಹಾರ ಹಾಕಬೇಡಿ. ಅದರ ಶರೀರದ ರೀತಿಯೇ ಬೇರೆ, ಟಾರಿನ್ ಎಂಬುದು ಅದಕ್ಕೆ ಆಹಾರದಿಂದಲೇ ಸಿಗಬೇಕು.

ಈಗ ನಮ್ಮ ಕಡೆಯ ದೊಡ್ಡ ಅಪಾಯಕ್ಕೆ ಬರೋಣ. ದೊಡ್ಡ ಚೀಲ ಒಡೆದು ಕಿಲೋ, ಅರ್ಧ ಕಿಲೋ ಲೆಕ್ಕದಲ್ಲಿ ಬಿಡಿಯಾಗಿ ಮಾರುವ ಅಂಗಡಿಗಳಿವೆ. ಒಮ್ಮೆಗೇ ದೊಡ್ಡ ಚೀಲಕ್ಕೆ ಹಣ ಹೊಂದದವರು ಅಲ್ಲಿಯೇ ಕೊಳ್ಳುತ್ತಾರೆ, ಅದು ತಪ್ಪೆನ್ನಲಾರೆವು. ಆದರೆ ಬಿಡಿ ಮಾಲಿಗೆ ಪಟ್ಟಿಯಿಲ್ಲ, ತಯಾರಾದ ತಿಂಗಳಿಲ್ಲ, ಚೀಲ ಒಡೆದು ಎಷ್ಟು ದಿನವಾಯಿತೆಂಬ ಗುರುತಿಲ್ಲ. ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿಯಲ್ಲಿ ಹಪ್ಪಳವೇ ಅರ್ಧ ದಿನದಲ್ಲಿ ಮೆತ್ತಗಾಗುತ್ತದೆ. ತೇವ ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿಗಳಲ್ಲಿ ಬೂಷ್ಟು ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಈ ವಿಷ ಜಗತ್ತಿಗೆ ಪರಿಚಯವಾದದ್ದೇ 1960ರಲ್ಲಿ, ಇಂಗ್ಲಂಡಿನಲ್ಲಿ ಶೇಂಗಾ ಹಿಂಡಿ ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಒಣ ಆಹಾರದ ಇದೇ ವಿಷದಿಂದ ನೂರಕ್ಕೂ ಮಿಕ್ಕಿ ನಾಯಿಗಳು ಸತ್ತವು. ಕುದಿಸಿದರೆ ಹೋಗುವ ವಿಷವಲ್ಲ ಇದು, ಯಕೃತ್ತನ್ನೇ ಹಿಡಿಯುತ್ತದೆ. ಬಿಡಿ ಕೊಳ್ಳಲೇಬೇಕಾದವರು ಕಣ್ಣೆದುರಿಗೆ ಮೂಲ ಚೀಲ ತೋರಿಸಿರೆಂದು ಕೇಳಿ, ತಾರೀಖು ಓದಿ, ಮೂಸಿ ನೋಡಿ. ಹಳೆಯ ಎಣ್ಣೆಯ ಕಮಟು ವಾಸನೆಯಿದ್ದರೆ ಬಿಟ್ಟುಬಿಡಿ. ಇಬ್ಬರು ಮೂವರು ನೆರೆಯವರು ಕೂಡಿ ಒಂದು ಚೀಲ ಕೊಂಡು ಅದೇ ದಿನ ಹಂಚಿಕೊಳ್ಳುವುದು ಇನ್ನೂ ಮೇಲು. ಮನೆಯಲ್ಲಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಬೆಲೆಯನ್ನು ಕಿಲೋಗೆ ಹೋಲಿಸದೆ ದಿನಕ್ಕೆ ಹೋಲಿಸಬೇಕು. 10 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ 600 ಕ್ಯಾಲೊರಿಯ ಸುಮಾರು ಬೇಕಾಗುತ್ತದೆ. 100 ಗ್ರಾಮಿಗೆ 350 ಕ್ಯಾಲೊರಿ ಇರುವ ಆಹಾರವಾದರೆ 170-180 ಗ್ರಾಂ, ತಿಂಗಳಿಗೆ ಐದೂಕಾಲು ಕಿಲೋ. ಅಗ್ಗದ ಚೀಲದಲ್ಲಿ ತೌಡು ಹೆಚ್ಚಾಗಿ ಕ್ಯಾಲೊರಿ ಕಡಿಮೆಯಿದ್ದರೆ ಹೆಚ್ಚು ಗ್ರಾಂ ಹಾಕಬೇಕಾಗುತ್ತದೆ, ಹೆಚ್ಚು ಮಲವನ್ನೂ ಎತ್ತಬೇಕಾಗುತ್ತದೆ! ಹಾಗೆಂದು ಅತಿ ತುಟ್ಟಿಯದೇ ಒಳ್ಳೆಯದೆಂದೂ ಅಲ್ಲ. ನಡುವಿನ ದರದ, ಹೆಸರಿರುವ ಮಾಂಸದ, ಪೂರ್ಣಾಹಾರವೆಂದು ಬರೆದ ಚೀಲ ಸಾಕು. ಅದಕ್ಕಿಂತ ಮೇಲಿನದನ್ನು ತರಲು ಮಕ್ಕಳ ಹಾಲು ಕಡಿಮೆ ಮಾಡುವ ಕಾರಣವಿಲ್ಲ.

ಪೂರ್ಣಾಹಾರ ತಿನ್ನುವ ಮರಿಗೆ ಮೇಲಿಂದ ಕ್ಯಾಲ್ಸಿಯಂ ಟಾನಿಕ್ ಕುಡಿಸುವ ರೂಢಿ ಬಹಳ ಕಂಡಿದೆ. ದೊಡ್ಡ ಜಾತಿಯ ಮರಿಗಳಲ್ಲಿ ಅತಿಯಾದ ಕ್ಯಾಲ್ಸಿಯಂ ಎಲುಬನ್ನು ಸೊಟ್ಟಗೆ ಮಾಡುತ್ತದೆ. ಒಣ ಕಾಳಿಗೆ ರುಚಿಯೆಂದು ನಮ್ಮ ಹುಳಿ, ಸಾರು ಕಲಸುವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬಿಸಿನೀರು ಚಿಮುಕಿಸಿದರೆ ಸಾಕು, ವಾಸನೆ ಏಳುತ್ತದೆ.

ಪಟ್ಟಿ ಹೇಳಲಾರದ್ದೂ ಇದೆ. ಮಾಂಸದ ಪುಡಿ ತಾಜಾ ಮಾಲಿನದೋ ಹಳಸಿದ್ದರದೋ, ಎಷ್ಟು ಪಾಲು ಜೀರ್ಣವಾಗುವುದೋ ಅಚ್ಚಿನಲ್ಲಿ ಕಾಣದು. ಅದನ್ನು ನಾಯಿಯೇ ಹೇಳುತ್ತದೆ. ಹೊಸ ಚೀಲಕ್ಕೆ ಏಳು ದಿನದಲ್ಲಿ, ಹಳೆಯದಕ್ಕೆ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಬದಲಿಸಿ. ಆರು ವಾರಗಳ ನಂತರ ನೋಡಿ: ಮಲ ಗಟ್ಟಿಯಿದೆಯೇ, ತುಪ್ಪಳ ಹೊಳೆಯುತ್ತದೆಯೇ, ಪಕ್ಕೆಲುಬು ಕೈಗೆ ಹತ್ತಿ ಕಣ್ಣಿಗೆ ಕಾಣದಂತಿದೆಯೇ, ಕೆರೆತವಿದೆಯೇ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಬೇಕು, ಚೀಲವನ್ನೂ ಜೊತೆಗೆ ಒಯ್ಯಬೇಕು. ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪಶು ಆಸ್ಪತ್ರೆಯಿದೆ. ಗಿರಣಿಗಳ ಮಾಲಿಕರಾಗಿದ್ದ ದಿನ್ಶಾ ಪೆಟಿಟ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ಪತ್ನಿಯ ಹೆಸರಿನಲ್ಲಿ ಕಟ್ಟಿಸಿದ್ದು. ಗಿರಣಿಯವರಿಗೆ ಆ ಹೆಸರು ಹೊಸದಲ್ಲ.

ಚೀಲ ಮುಗಿದ ಮೇಲೆ ಬೆನ್ನಿನ ಭಾಗವನ್ನು ಕತ್ತರಿಸಿ ವಾಚನಾಲಯಕ್ಕೆ ತನ್ನಿ. ಪತ್ರಿಕೆಗಳ ಮೇಜಿನ ಮೇಲೆ ಭೂತಗನ್ನಡಿ ಇಟ್ಟಿದ್ದೇವೆ. ರವಿವಾರ ಸಂಜೆ ನಾವಿರುತ್ತೇವೆ. ಎರಡು ಚೀಲಗಳನ್ನು ಅಕ್ಕಪಕ್ಕದಲ್ಲಿಟ್ಟು ಕೂಡಿಯೇ ಓದೋಣ.